ಕೀಲಿಯಿಲ್ಲದ ಮನೆಯವರು

ನಮ್ಮ ಭಾವ ತೊಕುನಾಗ ಅವರು ಮನೆ ಕೊಳ್ಳುವ ತೀರ್ಮಾನ ಮಾಡಿದ್ದು ನಿದ್ದೆಯಲ್ಲಿ. ಇದು ಮಾತಿಗೆ ಹೇಳುತ್ತಿರುವುದಲ್ಲ. ನಾನು ಪಕ್ಕದಲ್ಲೇ ಇದ್ದೆ.

ಆಗಸ್ಟ್ ತಿಂಗಳ ಮಧ್ಯಾಹ್ನ. ಒಸಾಕಾ ನಗರವನ್ನು ಯಾರೋ ಬಿಸಿನೀರಿನಲ್ಲಿ ನೆನೆಹಾಕಿ ಮರೆತುಬಿಟ್ಟ ಹಾಗಿತ್ತು. ಮನೆ ದಲ್ಲಾಳಿ ಇಗವಾ ನಮ್ಮಿಬ್ಬರನ್ನು ಹಮಾಗುರಿ ಓಣಿಯ ಹಳೆಯ ಕಟ್ಟಡವೊಂದರ ಕಬ್ಬಿಣದ ಮೆಟ್ಟಿಲು ಹತ್ತಿಸಿ, ಮಹಡಿಯ ಖಾಲಿ ಫ್ಲ್ಯಾಟಿನ ಬಾಗಿಲು ತೆರೆದ. ಮೂರು ಕೋಣೆ, ಮೊಣಕಾಲು ಮಡಚಿ ಕೂರುವಷ್ಟು ಬಾಲ್ಕನಿ, ನೆಲಕ್ಕೆ ಹುಲ್ಲುಚಾಪೆ. ಕಿಟಕಿಯ ಕೆಳಗೆ ಟ್ರಾಮ್ ಹಳಿ.

"ನೆಲ ಗಟ್ಟಿಯಾಗಿದೆಯಾ ನೋಡ್ತೀನಿ" ಎಂದು ಭಾವ ಚಾಪೆಯ ಮೇಲೆ ಕುಳಿತರು. "ಚಾವಣಿ ಸೋರುತ್ತಾ ನೋಡ್ತೀನಿ" ಎಂದು ಮಲಗಿದರು. ಆಮೇಲೆ ಏನನ್ನೂ ನೋಡಲಿಲ್ಲ.

ಇಗವಾ ಒಮ್ಮೆ ಕೆಮ್ಮಿದ. ಒಮ್ಮೆ ಕಿಟಕಿ ತೆರೆದು ಮುಚ್ಚಿದ. ಕೊನೆಗೆ ತಾನೂ ಗೋಡೆಗೆ ಒರಗಿ ಕುಳಿತು, ಕೈಯಲ್ಲಿದ್ದ ಕಾಗದಗಳಿಂದ ಗಾಳಿ ಬೀಸಿಕೊಳ್ಳತೊಡಗಿದ. ಟ್ರಾಮ್ ಹೋದಾಗಲೆಲ್ಲ ಮನೆ ಮೆಲ್ಲಗೆ ತೂಗುತ್ತಿತ್ತು. ನಾನು ಹಿಂದಿನ ಚಿಕ್ಕ ಕೋಣೆಗೆ ಹೋಗಿ ನಿಂತೆ. ಅಲ್ಲಿ ಏನೂ ಇರಲಿಲ್ಲ. ಅದು ನನಗೆ ಹಿಡಿಸಿತು.

ಭಾವ ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. "ಇಗವಾ ಅವರೇ, ಈಗೊಂದು ಕನಸು ಬಿತ್ತು. ಟ್ರಾಮ್ ಈ ಕೋಣೆಯೊಳಕ್ಕೇ ಬಂತು. ಕಂಡಕ್ಟರು ಟೋಪಿ ತೆಗೆದು, 'ಸ್ವಾಮಿ, ನಿಮ್ಮ ಸ್ಟಾಪು' ಅಂದ."

"ಈ ಮನೆಯ ವಿಶೇಷವೇ ಅದು ಸಾರ್" ಎಂದ ಇಗವಾ. ಮನೆ ಮಾರುವವರು ಯಾವುದನ್ನೂ ಅಲ್ಲಗಳೆಯುವುದಿಲ್ಲ.

ಈ ಕನಸನ್ನು ಭಾವ ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನಿಗೆ ಯಥಾವತ್ತಾಗಿ ಹೇಳಿದರು. ನನ್ನ ಅಕ್ಕ ಫುಸಾಯೆ ಕನಸುಗಳನ್ನು ನಂಬುವವಳಲ್ಲ. ತೂಕ ಮಾಡಿಸದೆ ಈರುಳ್ಳಿಯನ್ನೂ ಕೊಳ್ಳುವವಳಲ್ಲ.

"ಹಮಾಗುರಿ ಓಣೀನಾ?" ಎಂದಳು. "ರೀ, ಅಲ್ಲಿ ಜ್ಯೂಸ್ ಮಾರೋ ಯಂತ್ರಕ್ಕೆ ಕಬ್ಬಿಣದ ಪಂಜರ ಹಾಕಿದಾರಂತೆ! ಜ್ಯೂಸು ಜೈಲಲ್ಲಿದೆ, ಕಳ್ಳರು ಹೊರಗಿದಾರೆ!"

"ಪಂಜರ ಇದೆ ಅಂದ್ರೆ ಬಂದೋಬಸ್ತು ಚೆನ್ನಾಗಿದೆ ಅಂತಲ್ವೇನೇ?"

"ಕೂಲಿಯವರ ಲಾಡ್ಜುಗಳಂತೆ. ಹಾಡುಹಗಲೇ ಕುಡಿದು ರಸ್ತೇಲಿ ಅಡ್ಡ ಮಲಗಿರ್ತಾರಂತೆ."

"ನಾನೂ ಮಲಗಿದ್ನಲ್ಲ. ಅಲ್ಲಿನ ಗಾಳಿ ಹಾಗಿದೆ."

ನಗುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಭಾವನ ಕಂಪನಿ ತನ್ನ ಹಳೆಯ ಕ್ವಾರ್ಟರ್ಸನ್ನು ಕೆಡವಲಿತ್ತು. ಹೊಸ ವರ್ಷದೊಳಗೆ ಖಾಲಿ ಮಾಡಬೇಕು. ನಾನು ಅಕ್ಕನ ಮನೆಗೆ ಬಂದು ಸೇರಿದಂದಿನಿಂದ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ ಮಲಗುತ್ತಿದ್ದೆ. ಅಕ್ಕನಿಗೆ ಹಿಡಿಸಿದ ಬಡಾವಣೆಗಳು ನಮ್ಮ ಕೈಗೆ ಎಟುಕುತ್ತಿರಲಿಲ್ಲ, ಎಟುಕುವ ಬಡಾವಣೆ ಅವಳಿಗೆ ಹಿಡಿಸುತ್ತಿರಲಿಲ್ಲ. ಇದರ ಮೇಲೆ, ಬರುವ ಭಾನುವಾರದೊಳಗೆ ಹೌದು ಇಲ್ಲ ಹೇಳದಿದ್ದರೆ ಮನೆ ಬೇರೆಯವರ ಪಾಲು ಎಂದು ಇಗವಾ ಹೇಳಿದ್ದ. ಕೋಬೆ ಕಡೆಯ ಯುವ ದಂಪತಿಗಳು ಯಾರೋ ಆಸೆಪಟ್ಟಿದ್ದರಂತೆ.

ಅಕ್ಕ ತಟ್ಟೆ ಎತ್ತುತ್ತ ತೀರ್ಪು ಕೊಟ್ಟಳು. "ದಲ್ಲಾಳಿ ಮಾತು ಬೇಡ, ನಿಮ್ಮ ಕನಸೂ ಬೇಡ. ಅಲ್ಲಿ ಬಾಳ್ತಿರೋರನ್ನ ಕೇಳ್ಕೊಂಡು ಬನ್ನಿ. ಎದುರು ಮೂರು ಮನೆ, ಅಕ್ಕಪಕ್ಕ ಎರಡು ಮನೆ. ಅವರು ಏನಂತಾರೋ ಕೇಳಿ, ಆಮೇಲೆ ನಾನು ಯೋಚನೆ ಮಾಡ್ತೀನಿ."

ಎದುರು ಮೂರು, ಅಕ್ಕಪಕ್ಕ ಎರಡು ಎಂಬ ಮಾತು ಕೇಳಿದ ಕೂಡಲೇ ಭಾವನ ಕಣ್ಣು ಮಿಂಚಿದ್ದನ್ನು ನಾನು ಗಮನಿಸಬೇಕಿತ್ತು.

ಭಾವ ದುಡಿಯುವುದು ಟವೆಲಿನ ಸಗಟು ಅಂಗಡಿಯಲ್ಲಿ. ನಮ್ಮಲ್ಲಿ ಹೊಸ ಮನೆಗೆ ಹೋದವರು ಎದುರಿನ ಮೂರು ಮನೆಗೂ ಪಕ್ಕದ ಎರಡು ಮನೆಗೂ ಒಂದೊಂದು ಟವೆಲ್ ಕೊಟ್ಟು, ಬಗ್ಗಿ, 'ಇನ್ನು ಮುಂದೆ ನಿಮ್ಮ ದಯೆ ಇರಲಿ' ಎನ್ನಬೇಕು. ಟವೆಲಿಗೆ ಸುತ್ತುವ ಬಿಳಿ ಕಾಗದದ ಮೇಲೆ ಬಂದವರ ಮನೆತನದ ಹೆಸರು ಇರುತ್ತದೆ. ಆ ಕಾಗದದ ವಿಭಾಗ ಭಾವನದು. ಯೌವನದಿಂದ ತಲೆ ಬೋಳಾಗುವವರೆಗೆ ಅವರು ಊರಿನವರೆಲ್ಲರ ಹೆಸರನ್ನು ಟವೆಲಿಗೆ ಸುತ್ತಿದ್ದರು. ತಮ್ಮ ಹೆಸರನ್ನು ಸುತ್ತುವ ಯೋಗ ಬಂದಿರಲಿಲ್ಲ. ಕಂಪನಿಯ ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಯಲ್ಲೂ ಟವೆಲಿನ ಗುಡ್ಡೆ; ಅಲ್ಲಿ ಟವೆಲ್ ಕೊಟ್ಟರೆ ಜಗಳವಾದೀತು.

ಮರುದಿನ ಅವರು ಐದು ಟವೆಲ್ ಹೊತ್ತು ಹೊರಟರು. ನಾನೂ ಹೋದೆ.

"ಭಾವ, ಇದು ಮನೆಗೆ ಬಂದ ಮೇಲೆ ಕೊಡೋದಲ್ವಾ?"

"ಕೈ ಬೀಸಿಕೊಂಡು ಹೋಗಿ, ನಿಮ್ಮ ಓಣಿ ಕೆಟ್ಟದ್ದೇನ್ರೀ ಅಂತ ಕೇಳೋಕಾಗುತ್ತಾ? ಮರ್ಯಾದೆ ಬೇಡ್ವಾ?"

ಕಟ್ಟಡದ ಕೆಳಗೇ ಒಂದು ಕಾಫಿ ಅಂಗಡಿ. ಅದರ ಒಡತಿ ಒಗಿತಾನಿ ಅಮ್ಮ ಹುಲಿಯ ಮುಖದ ಚಿತ್ರವಿದ್ದ ಅಂಗಿ ತೊಟ್ಟು, ನಮ್ಮನ್ನು ನೋಡಿ ಹುಬ್ಬು ಗಂಟಿಕ್ಕಿ ನಿಂತಿದ್ದರು. ಹುಲಿಯೂ ಹಾಗೇ ನೋಡುತ್ತಿತ್ತು.

"ಅಮ್ಮಾ, ಈ ಓಣಿ ಹೇಗೆ ಅಂತ…" ಎಂದು ಭಾವ ಶುರುಮಾಡಿದರು.

"ಓಣೀನಾ? ಅಯ್ಯೋ ಕೇಳ್ಬೇಡ ಕಣಪ್ಪಾ, ಈ ಓಣಿ ಅನ್ನೋದು…" ಎನ್ನುವಷ್ಟರಲ್ಲಿ ಭಾವ ಟವೆಲನ್ನು ಎರಡೂ ಕೈಯಲ್ಲಿ ಚಾಚಿ, ಸೊಂಟ ಬಗ್ಗಿಸಿ, ರೂಢಿಯ ಮಾತನ್ನು ಹೇಳಿಬಿಟ್ಟರು: "ಮೇಲಿನ ಮನೆ. ತೊಕುನಾಗ. ಇನ್ನು ಮುಂದೆ ನಿಮ್ಮ ದಯೆ ಇರಲಿ."

ಒಗಿತಾನಿ ಅಮ್ಮನ ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಅದು ಬೇರೆಯೇ ಬಾಯಿ.

"…ಸ್ವರ್ಗ ಕಣಪ್ಪಾ. ಬಾ, ಬಾ, ಕೂತ್ಕೊ."

ನಮ್ಮ ಬೆನ್ನ ಹಿಂದೆ ಇಬ್ಬರು ಒಂದು ಸೈಕಲ್ಲಿಗಾಗಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಿದ್ದರು.

"ಅವರು…?"

"ಅಣ್ಣತಮ್ಮ ಇದ್ದಂಗೆ. ಪ್ರೀತಿ ಜಾಸ್ತಿ."

ಎದುರು ಮನೆಯ ಗೆನ್ ಅಜ್ಜ ಒಂದು ಕಾಲದಲ್ಲಿ ಎತ್ತರದ ಕಟ್ಟಡಗಳಿಗೆ ಸಾರುವೆ ಕಟ್ಟುತ್ತಿದ್ದ ಕೂಲಿ. ಅವರು ಟವೆಲನ್ನು ಮೂಸಿ ನೋಡಿ, ತಲೆಗೆ ಸುತ್ತಿಕೊಂಡರು. ಕಳ್ಳತನದ ವಿಷಯ ಎತ್ತಿದಾಗ, "ಕಳ್ಳತನ? ಇಲ್ಲಿ ಕದಿಯೋಕೆ ಏನಿದೆ ಮಾರಾಯಾ?" ಎಂದರು.

"ನಿಮ್ಮ ಸೈಕಲ್ಲಿಗೆ ಮೂರು ಸರಪಳಿ ಇದೆಯಲ್ಲ ಅಜ್ಜಾ?"

"ಅಲಂಕಾರ."

ಉಳಿದ ಮನೆಗಳಲ್ಲೂ ಇದೇ ಆಯಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮನೆ ನೋಡಲು ಬಂದವನಿಗೆ ನಿಜ ಹೇಳಬಹುದು. ಟವೆಲ್ ಕೊಟ್ಟು ಬಂದು ಸೇರಿದವನಿಗೆ ಹೇಳುವುದು ಕ್ರೌರ್ಯ. ಮದುವೆಯಾಗಿ ಬಂದ ಹುಡುಗಿಯ ಹತ್ತಿರ ಗಂಡನ ಗೊರಕೆಯ ಸುದ್ದಿ ಯಾರಾದರೂ ಎತ್ತುತ್ತಾರೆಯೆ? ಭಾವ ಒಂದೊಂದು ಟವೆಲಿನಿಂದ ಒಂದೊಂದು ಬಾಯಿಗೆ ಬೀಗ ಹಾಕುತ್ತ ಓಣಿಯುದ್ದಕ್ಕೂ ನಡೆದರು.

ಹೊರಡುವಾಗ ಒಗಿತಾನಿ ಅಮ್ಮ ನನ್ನನ್ನು ತಡೆದರು. "ನೀನು ಯಾರಮ್ಮಾ, ಮಗಳಾ?"

"ನಾದಿನಿ."

"ನಿನ್ನ ಗಂಡ?"

"ಇಲ್ಲ."

"ನಂಗೂ ಇಲ್ಲ. ಮಿಠಾಯಿ ತಗೋ."

ನಾನು ತೆಗೆದುಕೊಂಡೆ. ನಿಂಬೆಹುಳಿಯ ಮಿಠಾಯಿ. ಟ್ರಾಮ್ ನಮ್ಮ ಸ್ಟಾಪಿಗೆ ಬರುವವರೆಗೂ ಬಾಯಲ್ಲಿತ್ತು.

"ಐದಕ್ಕೆ ಐದು ಮನೆಯವರೂ ಸ್ವರ್ಗ ಅಂದ್ರು ಕಣೇ!" ಎಂದು ಭಾವ ಬಾಗಿಲಲ್ಲೇ ಸಾರಿದರು.

"ಐದೂ ಜನ?" ಅಕ್ಕ ಕಣ್ಣು ಕಿರಿದು ಮಾಡಿದಳು. "ಸ್ವರ್ಗದಲ್ಲೂ ಒಬ್ಬರಾದ್ರೂ ಸೊಳ್ಳೆ ಕಾಟ ಅಂತಾರೆ. ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಈ ಸಲ ಸಂಜೆ ಹೊತ್ತು."

ಭಾವ ಕೆಲಸ ಮುಗಿಸಿಕೊಂಡು ಸಂಜೆ ಹೋದರು. ಆ ಖಾಲಿ ಮನೆಯ ಬಾಗಿಲ ಹಿಡಿಗೆ ಓಣಿಯ ಸುತ್ತೋಲೆ ಹಲಗೆ ನೇತಾಡುತ್ತಿತ್ತು. ಈ ಹಲಗೆ ಮನೆಯಿಂದ ಮನೆಗೆ ಹೋಗುವಂಥದ್ದು: ಓದಬೇಕು, ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಬೇಕು, ಪಕ್ಕದ ಮನೆಗೆ ದಾಟಿಸಬೇಕು. ಹೊಸಬರು ಬಂದರಲ್ಲ ಎಂದು ಒಗಿತಾನಿ ಅಮ್ಮ ಹಲಗೆಯನ್ನು ತಂದು ಅಲ್ಲಿ ತೂಗುಹಾಕಿದ್ದರು. ಹಲಗೆ ಅಲ್ಲೇ ನಿಂತಿತ್ತು. ಕಸದ ಗಾಡಿ ಈ ವಾರ ಬೇರೆ ದಿನ ಬರುತ್ತದೆ ಎಂಬ ಸುದ್ದಿಯೂ ಅದರೊಂದಿಗೆ ನಿಂತಿತ್ತು. ಗಾಡಿ ಬಂದಾಗ ಮುಂದಿನ ಮನೆಗಳವರು ಯಾರೂ ಕಸ ಹೊರಗಿಟ್ಟಿರಲಿಲ್ಲ. ಅದು ಹೋದ ಮೇಲೆ ಎಲ್ಲರೂ ಒಟ್ಟಿಗೆ ಇಟ್ಟಿದ್ದರು. ಓಣಿಯ ಮೇಲೆ ಕಾಗೆಗಳ ಮಹಾಸಭೆ ನೆರೆದಿತ್ತು.

"ತೊಕುನಾಗರೇ!" ಗೆನ್ ಅಜ್ಜ ಕಿಟಕಿಯಿಂದ ಕೂಗಿದರು. "ಹಲಗೆ ನಿಮ್ಮನೇಲಿ ಸತ್ತು ಬಿದ್ದಿದೆ!"

'ಅದು ನಮ್ಮ ಮನೆಯಲ್ಲ' ಎಂದು ಹೇಳುವ ಅವಕಾಶ ಭಾವನಿಗೆ ಅದೇ ಕೊನೆಯದಾಗಿತ್ತು. ಆದರೆ ಯಾರಾದರೂ ಗದರಿದರೆ ಮೊದಲು ಕ್ಷಮೆ ಕೇಳಿ, ಆಮೇಲೆ ಯಾತಕ್ಕೆ ಎಂದು ವಿಚಾರಿಸುವುದು ಭಾವನ ಪದ್ಧತಿ. ಅವರು ಬಗ್ಗಿದರು. ಜೇಬಿನಿಂದ ಮುದ್ರೆ ತೆಗೆದರು. ತೊಕುನಾಗ ಎಂದು ಕೆಂಪಗೆ ಒತ್ತಿದರು. ಪೊರಕೆ ಇಸಿದುಕೊಂಡು ಇಡೀ ಓಣಿಯ ಕಸ ಬಳಿದರು.

ಆಮೇಲೆ ದಿನವೂ ಹೋಗದೆ ವಿಧಿಯಿರಲಿಲ್ಲ. ಹೋಗದಿದ್ದರೆ ಹಲಗೆ ನಿಲ್ಲುತ್ತದೆ, ಹಲಗೆ ನಿಂತರೆ ಓಣಿ ನಿಲ್ಲುತ್ತದೆ.

ಇತ್ತ ಮನೆಯಲ್ಲಿ ಅಕ್ಕ ಕಂಡದ್ದೇ ಬೇರೆ. ಗಂಡ ತಡವಾಗಿ ಬರುತ್ತಾನೆ. ತಲೆಗೂದಲು, ಇದ್ದಷ್ಟು, ಒದ್ದೆ. ಮೈಯಿಂದ ಬೇರೆ ಸೋಪಿನ ವಾಸನೆ. ಊಟಕ್ಕೆ ಕರೆದರೆ 'ಹಸಿವಿಲ್ಲ' ಎಂದು ಕಿಟಕಿಯ ಕಡೆ ನೋಡಿ ಮುಗುಳ್ನಗುತ್ತಾನೆ.

"ಟವೆಲ್ ಅಂಗಡೀಲಿ ಇವರಿಗೆ ಯಾರು ತಲೆಗೆ ಸ್ನಾನ ಮಾಡಿಸ್ತಾರೆ?" ಅಕ್ಕ ನನ್ನ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು. "ನೀನು ನಾಳೆ ಇವರ ಹಿಂದೆ ಹೋಗು. ಅವಳು ಯಾರು, ಎಷ್ಟು ಎತ್ತರ, ನೋಡ್ಕೊಂಡು ಬಾ."

ನಾನು ಹೋದೆ. ಭಾವ ಟ್ರಾಮಿನ ಮುಂದಿನ ಬಾಗಿಲಲ್ಲಿ, ನಾನು ಹಿಂದಿನ ಬಾಗಿಲಲ್ಲಿ. ಅವರು ಒಮ್ಮೆಯೂ ತಿರುಗಲಿಲ್ಲ, ನಿಂತೇ ತೂಕಡಿಸುತ್ತಿದ್ದರು.

ಓಣಿಯಲ್ಲಿ ಆಗಷ್ಟೇ ಬೆಳಕು ಬಣ್ಣ ಬದಲಾಯಿಸುತ್ತಿತ್ತು. ಸಾರ್ವಜನಿಕ ಸ್ನಾನಗೃಹದ ಚಿಮಣಿಯಿಂದ ಹೊಗೆ ಮೇಲೇಳಲೂ ಸೋಮಾರಿತನ ಪಡುತ್ತಿತ್ತು. ಮೂಲೆಯಲ್ಲಿ ಮಕ್ಕಳನ್ನು ಕಾಯುವ ಜಿಜೋ ದೇವರ ಪುಟ್ಟ ಗುಡಿ. ಶನಿವಾರ ಅವನ ಹಬ್ಬ. ಆ ಹಬ್ಬಕ್ಕೆ ಓಣಿಯ ಪ್ರತಿ ಮಗುವಿನ ಹೆಸರು ಬರೆದ ಕಾಗದದ ಲಾಟೀನು ಕಟ್ಟಬೇಕು. ಇಲ್ಲಿ ಮಕ್ಕಳು ಕಡಿಮೆ. ಹಾಗಾಗಿ ಹಲ್ಲು ಬಿದ್ದವರ ಬಾಲ್ಯದ ಲಾಟೀನುಗಳನ್ನೇ ವರ್ಷವರ್ಷವೂ ತೇಪೆ ಹಾಕಿ ಕಟ್ಟುತ್ತಿದ್ದರು. ತೇಪೆ ಹಾಕುತ್ತಿದ್ದವರು ನಮ್ಮ ಭಾವ. ಬನಿಯನ್ ತೊಟ್ಟ ಮುದುಕರ ನಡುವೆ, ಆ ಖಾಲಿ ಮನೆಯ ಕಬ್ಬಿಣದ ಮೆಟ್ಟಿಲ ಮೇಲೆ ಕುಳಿತು ಅಂಟು ಹಚ್ಚುತ್ತಿದ್ದರು. ಕಾಗದ ಅವರ ಕೈಯಲ್ಲಿ ತಾನಾಗಿಯೇ ಮಡಚಿಕೊಳ್ಳುತ್ತಿತ್ತು.

"ನೋಡ್ರೋ, ಸುಕ್ಕೇ ಇಲ್ಲ!" ಎಂದರು ಗೆನ್ ಅಜ್ಜ, ತಮ್ಮ ಹೆಸರಿನ ಲಾಟೀನನ್ನು ತಿರುಗಿಸುತ್ತ. "ನನ್ನ ಮುಖಕ್ಕೂ ಇವರ ಕೈಲೇ ಮಾಡಿಸಿದ್ರೆ ಆಗ್ತಿತ್ತು."

ಒಗಿತಾನಿ ಅಮ್ಮ ನನ್ನನ್ನು ಕಂಡು ಅಂಗಡಿಯೊಳಕ್ಕೆ ಎಳೆದುಕೊಂಡರು. ದನಿ ತಗ್ಗಿಸಿದರು. "ಬಂದ್ಯಾ ತಾಯೀ? ನಿಮ್ಮಕ್ಕ ಬಾಳ ಗಟ್ಟಿ ಹೆಂಗಸಂತೆ?"

"ಯಾರು ಹೇಳಿದ್ರು?"

"ಹೇಳೋದೇನು, ಕಾಣಲ್ವಾ? ದಿನಾ ಈ ಮನುಷ್ಯ ಮನೆ ಮುಂದೆ ಮೆಟ್ಟಿಲ ಮೇಲೆ ಕೂತಿರ್ತಾನೆ. ಒಳಗೆ ಹೋಗಲ್ಲ. ದೀಪ ಇಲ್ಲ. ಹೆಂಡ್ತಿ ಸ್ವಂತ ಗಂಡಂಗೇ ಕೀಲಿ ಕೊಟ್ಟಿಲ್ಲ ಕಣೇ! ಸ್ನಾನಕ್ಕೂ ಗತಿ ಇಲ್ಲ. ಗೆನ್ ಸ್ನಾನಗೃಹಕ್ಕೆ ಕರ್ಕೊಂಡೋಗಿ ಬೆನ್ನು ಉಜ್ಜಿ ಕಳಿಸ್ತಾನೆ. ನೂಡಲ್ಸು ಹುರಿದು ಕೊಟ್ರೆ ಕಣ್ಣೀರು ಹಾಕ್ಕೊಂಡು ತಿಂತಾನೆ ಪಾಪ."

ಕಣ್ಣೀರು ನೂಡಲ್ಸಿನ ಮೇಲೆ ಹಾಕುವ ಶುಂಠಿಯ ಉಪ್ಪಿನಕಾಯಿಯಿಂದ. ನಾನದನ್ನು ಹೇಳಲಿಲ್ಲ. ಭಾವ ಮೆಟ್ಟಿಲಿನಿಂದ ನನ್ನನ್ನು ನೋಡಿಬಿಟ್ಟಿದ್ದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರ ಹಾಗೆ ಅಂಟಿನ ಕುಂಚವನ್ನು ಬಾಯಿಗೆ ಅಡ್ಡ ಹಿಡಿದು, 'ಬೇಡ' ಎಂದು ತಲೆಯಾಡಿಸಿದರು.

ಹಿಂದಿರುಗುವಾಗ ಟ್ರಾಮಿನಲ್ಲಿ ಅವರೆಂದರು: "ಹೇಳ್ಬೇಕು ಅಂತ ದಿನಾ ಹೋಗ್ತೀನಮ್ಮಾ. ಹೋದ ಕೂಡ್ಲೇ ಯಾರಾದ್ರೂ 'ಬಂದ್ರಾ' ಅಂತಾರೆ. ನಮ್ಮ ಕ್ವಾರ್ಟರ್ಸಲ್ಲಿ ಇಷ್ಟು ವರ್ಷ ಇದ್ದೀನಿ. ಯಾರೂ 'ಬಂದ್ರಾ' ಅಂದಿದ್ದು ನೆನಪಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಗೆನ್ ಅಜ್ಜನ ಬೆನ್ನ ಮೇಲೆ ರೌಡಿಗಳು ಹಾಕಿಸ್ಕೊಳ್ಳೋ ಥರದ ಹಚ್ಚೆಯ ಡ್ರ್ಯಾಗನ್ ಇದೆ. ಹಬೇಲಿ ನೋಡಿದ್ರೆ ಈಜಾಡುತ್ತೆ. ನಾನೇ ಅದಕ್ಕೆ ಸೋಪು ಹಚ್ಚಿದೆ" ಎಂದರು.

ಅಕ್ಕ ಬಾಗಿಲಲ್ಲೇ ಕಾದಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಬೇರೆ ಹೆಂಗಸಿಲ್ಲ ಎಂದಾಗ ಅವಳ ಮುಖ ಸಡಿಲವಾಯಿತು. ಕೀಲಿಯ ವಿಷಯ ಬಂದಾಗ ಅದೇ ಮುಖ ಇಸ್ತ್ರಿಪೆಟ್ಟಿಗೆಯಾಯಿತು.

"ನಾನು? ಗಂಡನಿಗೆ ಕೀಲಿ ಕೊಡದೋಳು ನಾನು? ಬೇರೆಯೋಳ ಜೊತೆ ಓಡಿಹೋಗಿದ್ರೂ ಇಷ್ಟು ಮಾನ ಹೋಗ್ತಿರಲಿಲ್ಲವಲ್ರೀ! ಶನಿವಾರ ನಾನೇ ಬರ್ತೀನಿ. ನೀವು ಅವರೆಲ್ಲರ ಮುಂದೆ ನಿಂತು, ಇದು ನಮ್ಮ ಮನೆ ಅಲ್ಲ, ನಮಗೆ ಬೇಡ ಅಂತ ಹೇಳ್ಬೇಕು. ಅಲ್ಲಿಗೆ ಮುಗೀತು."

ಭಾವ ಕಿಟಕಿಯ ಕಡೆ ನೋಡಿದರು. ಈ ಸಲ ಮುಗುಳ್ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಹಾಸಿಗೆ ಬಿಡಿಸಿದೆ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು.

ಶನಿವಾರ ಸಂಜೆ ಮೂವರೂ ಹೊರಟೆವು. ಅಕ್ಕ ಶವಸಂಸ್ಕಾರಕ್ಕೂ ಮದುವೆಗೂ ಸಲ್ಲುವ ಬೂದುಬಣ್ಣದ ಉಡುಪು ತೊಟ್ಟಿದ್ದಳು. ಟ್ರಾಮ್ ಇಳಿದು ಓಣಿಯ ಬಾಯಿಗೆ ಬರುವಷ್ಟರಲ್ಲಿ ಯುವ ದಂಪತಿಗಳಿಬ್ಬರು ಎದುರಿನಿಂದ ಓಡಿಬಂದರು. ಹುಡುಗಿಯ ಕೈಯಲ್ಲಿ ಒಂದೇ ಚಪ್ಪಲಿ.

"ಒಳಗೆ ಹೋಗ್ಬೇಡಿ!" ಎಂದು ಆ ಹುಡುಗ ಅಕ್ಕನಿಗೆ ಹೇಳಿ ಟ್ರಾಮ್ ಹತ್ತಿದ.

ನಡೆದದ್ದು ಇಷ್ಟು. ಇಗವಾ ಕೋಬೆಯವರಿಗೆ ಮನೆ ತೋರಿಸಲು ಬಂದು, ಜೇಬಿನಿಂದ ಕೀಲಿ ತೆಗೆದು ಬಾಗಿಲು ತೆರೆದಿದ್ದ. ಓಣಿಗೆ ಇಷ್ಟೇ ಸಾಕಾಯಿತು. ಗಂಡ ಮೆಟ್ಟಿಲ ಮೇಲೆ ಕೊಳೆಯುತ್ತಿರುವಾಗ ಹೆಂಡತಿ ಹಿಂದಿನಿಂದ ಮನೆಯನ್ನೇ ಮಾರುತ್ತಿದ್ದಾಳೆ! ಒಗಿತಾನಿ ಅಮ್ಮ ಸೌಟು ಹಿಡಿದು ಮೇಲೆ ಹತ್ತಿದ್ದರು. ಆ ದಂಪತಿಗಳು ಟವೆಲ್ ತಂದಿರಲಿಲ್ಲ. ಆದ್ದರಿಂದ ಅವರಿಗೆ ನಿಜ ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ವಾರವಿಡೀ ತಡೆದಿಟ್ಟದ್ದೆಲ್ಲ ಒಟ್ಟಿಗೆ ಹೊರಬಿತ್ತು. ಉಪಸಂಹಾರವಾಗಿ ಗೆನ್ ಅಜ್ಜ ಅಂಗಿ ಬಿಚ್ಚಿ ಬೆನ್ನಿನ ಡ್ರ್ಯಾಗನ್ ತೋರಿಸಿದ್ದರು.

ನಾವು ತಲುಪಿದಾಗ ಇಗವಾ ಮೆಟ್ಟಿಲ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಮೂಲೆಯ ಚೌಕಿಯ ಪೊಲೀಸಿನವನು ಸೈಕಲ್ಲು ನಿಲ್ಲಿಸಿ ಯಾರನ್ನು ಹಿಡಿಯಬೇಕೆಂದು ಯೋಚಿಸುತ್ತಿದ್ದ. ಒಗಿತಾನಿ ಅಮ್ಮ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓಹೋ. ಕೀಲಿಯಮ್ಮ ನೀವೇನಾ?"

"ಕೀಲಿನೂ ಇಲ್ಲ ಬೀಗಾನೂ ಇಲ್ಲ!" ಅಕ್ಕ ಕೂಗಿದಳು. "ರೀ, ಹೇಳ್ರೀ!"

ಭಾವ ಬಾಯಿ ತೆರೆದರು. ಸಂಜೆಯ ಗಾಳಿ ಸ್ವಲ್ಪ ಒಳಹೋಯಿತು. ಪ್ರಾಣಭಯದಲ್ಲಿದ್ದ ಇಗವಾನೇ ಕಿರುಚಿದ: "ತೊಕುನಾಗ ಅವರು ಮನೆ ಕೊಂಡೇ ಇಲ್ಲ! ಸುಮ್ಮನೆ ನೋಡಿ ಹೋಗಿದ್ರು, ಅಷ್ಟೇ! ಅದೂ ನಿದ್ದೆ ಮಾಡ್ಕೊಂಡು!"

ಸೈಕಲ್ಲಿಗಾಗಿ ಹೊಡೆದಾಡುವ ಇಬ್ಬರೂ ಕೈ ಬಿಟ್ಟು ನಿಂತರು.

"ಹಂಗಾದ್ರೆ… ಟವೆಲ್?" ಎಂದರು ಒಗಿತಾನಿ ಅಮ್ಮ.

ಭಾವ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದರು. "ತಪ್ಪಾಯ್ತು. ಕೇಳೋಕೆ ಬಂದಿದ್ದೆ. ಬರಿಗೈಲಿ ಕೇಳೋಕೆ ನಾಚಿಕೆ ಆಯ್ತು. ಆಮೇಲೆ ಹೇಳೋಕೆ ನಾಚಿಕೆ ಆಯ್ತು. ಆಮೇಲೆ… ಹೇಳೋಕೆ ಮನಸ್ಸೇ ಬರಲಿಲ್ಲ."

"ಹಲಗೆಗೆ ಮುದ್ರೆ ಒತ್ತಿದ್ರಲ್ರೀ!" ಎಂದಿತು ಒಂದು ದನಿ.

"ನನ್ನ ನೂಡಲ್ಸು ತಿಂದೆಯಲ್ಲಪ್ಪಾ!"

ಎಲ್ಲರಿಗಿಂತ ನೊಂದವರು ಗೆನ್ ಅಜ್ಜ. ಇನ್ನೂ ಅಂಗಿ ತೊಟ್ಟಿರಲಿಲ್ಲ. "ನನ್ನ ಬೆನ್ನು ಉಜ್ಜಿದೆಯಲ್ಲೋ!" ಎಂದರು. "ಹೆತ್ತ ಮಗಂಗೂ ಮುಟ್ಟೋಕೆ ಬಿಟ್ಟಿರಲಿಲ್ಲ ಕಣೋ ಅದನ್ನ. ನೆರೆಯವನು ಅಂತ ಬಿಟ್ಟೆ. ಥೂ, ಮೋಸಗಾರ!"

ಪೊಲೀಸಿನವನು ಪುಸ್ತಕ ತೆಗೆದು, ಮನೆಯಿಲ್ಲದೆ ನೆರೆಯವನಾಗಿರುವುದು ಯಾವ ಬಗೆಯ ಅಪರಾಧವೆಂದು ತಿಳಿಯದೆ, ಮತ್ತೆ ಜೇಬಿಗಿಟ್ಟುಕೊಂಡ.

ಬೈಗುಳ ಒಂದು ಸುತ್ತು ಮುಗಿದು ಇನ್ನೊಂದು ಸುತ್ತಿಗೆ ಏರುತ್ತಿತ್ತು. ಭಾವ ಬಗ್ಗಿದವರು ಎದ್ದಿರಲಿಲ್ಲ. ಆಗ ಅಕ್ಕ ನಡುವೆ ನುಗ್ಗಿದಳು.

"ಸಾಕು ನಿಲ್ಸಿ! ಇವರನ್ನ ಬೈಯೋಕೆ ಹೆಂಡ್ತಿ ನಾನಿದ್ದೀನಿ. ನೀವ್ಯಾರು?"

"ನಾವಾ? ನೆರೆಯವರು!"

"ಇನ್ನೂ ಅಲ್ಲ!" ಎಂದಳು ಅಕ್ಕ.

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಇಗವಾನ ಕಿವಿಗಳು ನಿಮಿರಿದವು. ಭಾವ ಬಗ್ಗಿದಲ್ಲಿಂದಲೇ ಅರ್ಧ ತಲೆ ಎತ್ತಿದರು. ಗುಡಿಯ ಸಾಲಿನಲ್ಲಿ ಯಾರೋ ಲಾಟೀನುಗಳನ್ನು ಹಚ್ಚತೊಡಗಿದ್ದರು. ಒಂದೊಂದೇ ಹೆಸರು ಬೆಳಕಾಗುತ್ತ ಬಂತು.

ಅಕ್ಕ ಗಂಟಲು ಸರಿಮಾಡಿಕೊಂಡಳು. "ಆ ಕೋಬೆಯವರಿಗೆ ಏನೋ ಹೇಳಿದ್ರಂತಲ್ಲ, ಅದನ್ನ ನನಗೂ ಹೇಳಿ. ನಾನು ಟವೆಲ್ ಕೊಟ್ಟಿಲ್ಲ. ಸ್ವರ್ಗ ಗಿರ್ಗ ಬೇಡ, ಕೆಟ್ಟದ್ದು ಹೇಳಿ."

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಛತ್ರಿ ಹೊರಗಿಟ್ರೆ ಒದ್ದೆ ಆರೋಕ್ಕಿಂತ ಮುಂಚೆ ಮಾಯ" ಎಂದಿತು ಒಂದು ದನಿ.

"ಯಾರು ಕದಿಯೋದು?"

"ಮಳೇಲಿ ಸಿಕ್ಕಿಹಾಕ್ಕೊಂಡೋರು."

"ಮತ್ತೆ?"

"ಕುಡ್ಕೊಂಡು ಇಲ್ಲೇ ಮಲಗ್ತಾರಮ್ಮ. ಇಗೋ, ಸರಿಯಾಗಿ ಈ ಜಾಗದಲ್ಲಿ."

"ಯಾರು?"

"ನಾನು" ಎಂದರು ಗೆನ್ ಅಜ್ಜ. ಕೋಪ ಇನ್ನೂ ಇಳಿದಿರಲಿಲ್ಲವಾದರೂ ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ಅಜ್ಜ ಏನೂ ಅಲ್ಲ ಬಿಡಿ" ಎಂದು ಸೈಕಲ್ಲಿನವರಲ್ಲಿ ಒಬ್ಬ ಮುಂದೆ ಬಂದ. "ನಾವಿಬ್ರು ದಿನಾ ಹೊಡೆದಾಡ್ತೀವಿ. ಹೋದ ವರ್ಷ ಇವನ ಹಲ್ಲು ಉದುರಿಸಿದ್ದೀನಿ."

"ಅದು ಮೊದಲೇ ಅಲ್ಲಾಡ್ತಿತ್ತು!"

"ಚಿಮಣಿ ಮಸಿ ಬಟ್ಟೆ ಮೇಲೆ ಬೀಳುತ್ತೆ." "ಇಲಿ." "ಬೆಳಿಗ್ಗೆ ಐದಕ್ಕೇ ಈ ಒಗಿತಾನಿ ಹಾಡೋಕೆ ಶುರು ಮಾಡ್ತಾಳೆ, ಅದರ ಮುಂದೆ ಇಲಿನೇ ವಾಸಿ." "ಯಾರೋ ಅದು ಹೇಳಿದ್ದು?" ಪೊಲೀಸಿನವನು ಕೂಡ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕಳೆದ ಚಳಿಗಾಲದಲ್ಲಿ ಚೌಕಿಯ ಗೋಡೆಯ ಗಡಿಯಾರವೇ ಕಳುವಾದದ್ದನ್ನು ಸಂಕೋಚದಿಂದ ಸೇರಿಸಿದ. ತಂತಮ್ಮ ಕೆಡುಕು ಎಲ್ಲಿ ಲೆಕ್ಕಕ್ಕೆ ಸಿಗದೆ ಹೋಗುತ್ತದೋ ಎಂದು ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬಂದರು. ಅಕ್ಕ ಪ್ರತಿಯೊಂದಕ್ಕೂ "ಹೂಂ" ಎಂದಳು. ಅಂಗಡಿಯಲ್ಲಿ ಈರುಳ್ಳಿಯನ್ನು ಒಂದೊಂದಾಗಿ ಒತ್ತಿ ನೋಡುವಾಗ ಅವಳ ಮುಖ ಹಾಗೇ ಇರುತ್ತದೆ.

ಎಲ್ಲರ ಮಾತೂ ಮುಗಿಯಿತು. ಕಾಗದದ ಲಾಟೀನುಗಳು ತೂಗುತ್ತಿದ್ದವು. ಅವುಗಳ ಬೆಳಕಿನಲ್ಲಿ ಗೆನ್ ಅಜ್ಜನ ಬೆನ್ನಿನ ಡ್ರ್ಯಾಗನ್ ಉಸಿರಾಡುತ್ತಿರುವಂತೆ ಕಂಡಿತು. ಭಾವ ಮೆಲ್ಲನೆ ನೆಟ್ಟಗಾದರು. ಯಾರೂ ತಡೆಯಲಿಲ್ಲ. ನಾನು ಮೇಲಿನ ಕಿಟಕಿಗಳ ಕಡೆ ನೋಡಿದೆ. ಹಿಂದಿನ ಚಿಕ್ಕ ಕೋಣೆಯದು ಅಲ್ಲಿಂದ ಕಾಣುತ್ತಿರಲಿಲ್ಲ.

"ಹಾಗಾದ್ರೆ ಮೇಡಂ, ನಾಳೆ ಭಾನುವಾರ…" ಎಂದು ಇಗವಾ ಮೂಲೆಯಿಂದ ಹೊರಬಂದ.

ಅಕ್ಕ ಅವನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನೆಟ್ಟಿತ್ತು. ಅಲ್ಲಿ ಮೀನಿನಂಗಡಿಯ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ ಹೂಬಳ್ಳಿ ಬೆಳೆಸಿದ್ದರು. ಮೆಟ್ಟಿಲ ಅರ್ಧ ಅಗಲವನ್ನು ಅವೇ ಆಕ್ರಮಿಸಿದ್ದವು.

"ಇವು ಯಾರವು?" ಎಂದು ಕೇಳಿದಳು.

"ನನ್ನವು" ಎಂದರು ಒಗಿತಾನಿ ಅಮ್ಮ. "ಯಾಕೆ?"

"ಆ ಕಡೆ ಸರಿಸ್ಬೇಕು."

"ಸರಿಸ್ಬೇಕಾ? ನನ್ನ ಗಂಡ ಇದ್ದಾಗಿಂದ ಇಲ್ಲೇ ಇವೆ ಅವು!"

"ಇರಬಹುದು. ಅಕ್ಕಿ ಮೂಟೆ ಹೊತ್ಕೊಂಡು ಹತ್ತೋರು ಎಲ್ಲಿ ಕಾಲಿಡ್ಬೇಕು? ನಿಮ್ಮ ತಲೆ ಮೇಲಾ?"

"ಅಕ್ಕಿ ಮೂಟೆಯಂತೆ! ಹೂವು ನೋಡಿ ಸಂತೋಷಪಡೋ ಬದಲು…"

"ಸಂತೋಷ ಗೋಡೆ ಪಕ್ಕ ಇಟ್ಕೊಳ್ಳಿ. ಮೆಟ್ಟಿಲು ಬಿಡಿ."

"ಗೋಡೆ ಪಕ್ಕ ಬಿಸಿಲೆಲ್ಲಿದೆ? ನಿಮ್ಮಪ್ಪ ತಂದು ಕೊಡ್ತಾನಾ?"

"ಅಂದ್ರೆ ಮೇಡಂ, ನೀವು ಮನೆ…" ಎಂದ ಇಗವಾ.

"ಮಧ್ಯೆ ಬಾಯಿ ಹಾಕ್ಬೇಡ!" ಎಂದು ಇಬ್ಬರೂ ಹೆಂಗಸರು ಒಟ್ಟಿಗೆ ಗದರಿದರು.

ಅಕ್ಕ ಬೂದು ಉಡುಪಿನ ತೋಳು ಮಡಿಸಿ ಒಂದು ಪೆಟ್ಟಿಗೆಗೆ ಕೈ ಹಾಕಿದಳು. ಒಗಿತಾನಿ ಅಮ್ಮ ಅದರ ಇನ್ನೊಂದು ತುದಿ ಹಿಡಿದುಕೊಂಡರು. ಗೆನ್ ಅಜ್ಜ ಅಂಗಿ ಹಾಕಿಕೊಂಡು, ನೋಡಲು ಅನುಕೂಲವಾದ ಜಾಗ ಹುಡುಕಿ ಕುಳಿತರು. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಭಾವನಿಗೆ ಗದ್ದದಿಂದ ಸನ್ನೆ ಮಾಡಿದರು.

ಭಾವ ಕೂರುವ ಮುನ್ನ ನನ್ನ ಕಿವಿಯ ಹತ್ತಿರ ಬಗ್ಗಿದರು.

"ತಗೊಂಡಾಯ್ತು" ಎಂದರು.